ಚಂದಾ ಪುಸ್ತಕದ ಇಪ್ಪತ್ತೇಳನೆಯ ಸಾಲು

ಕಳೆದ ಮಳೆಗಾಲದಲ್ಲಿ ನಮ್ಮ ಅಪಾರ್ಟ್‌ಮೆಂಟಿನ ರಾತ್ರಿ ಪಾಳಿಯ ಸೆಕ್ಯುರಿಟಿಯ ಮಗಳು ಕಾಲು ಮುರಿದುಕೊಂಡು ಆಪರೇಷನ್ ಮಾಡಿಸಬೇಕಾಗಿ ಬಂದಾಗ ಚಂದಾ ಎತ್ತುವ ಕೆಲಸ ನನ್ನ ಪಾಲಿಗೆ ಬಂತು. ಸಂಘದ ಲೆಕ್ಕ ಬರೆಯುವವಳು ನಾನೇ ಆದ್ದರಿಂದ ಬೇರೆ ಹೆಸರನ್ನು ಯಾರೂ ಯೋಚಿಸಲಿಲ್ಲ. ಮಗನ ಹಳೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಗೆರೆ ಎಳೆದು ಮನೆ ಸಂಖ್ಯೆ, ಹೆಸರು, ಮೊತ್ತ ಎಂದು ಮೂರು ಕಲಂ ಮಾಡಿಕೊಂಡೆ. ಮೊದಲು ಕಳಿಸಿದವರು 1,000 ಎಂದು ಗ್ರೂಪಿನಲ್ಲಿ ಹಾಕಿದ್ದೇ ತಡ, ಆಮೇಲಿನವರಲ್ಲಿ ಹೆಚ್ಚಿನವರು ಅದೇ 1,000ಕ್ಕೆ ಬಂದು ನಿಂತರು. ನಾನು ಲೆಕ್ಕ ಇಡುವವಳೆಂಬ ಮುಲಾಜಿಗೆ 2,000 ಬರೆದುಕೊಂಡೆ. ಒಬ್ಬರು, ದಾನಕ್ಕೆ ಆದಾಯ ತೆರಿಗೆಯಲ್ಲಿ ವಿನಾಯಿತಿ ಕೊಡಿಸುವ 80ಜಿ ರಸೀದಿ ಸಿಗುತ್ತದೆಯೇ ಎಂದು ವಿಚಾರಿಸಿದರು. ವ್ಯಕ್ತಿಯೊಬ್ಬರ ಕೈಗೆ ಕೊಟ್ಟ ಹಣಕ್ಕೆ ಅದು ಸಿಗುವುದಿಲ್ಲ ಎಂದಾಗ ಅವರೂ 1,000ಕ್ಕೆ ಬಂದರು.

ಇಪ್ಪತ್ತೇಳನೆಯ ಸಾಲಿನಲ್ಲಿ ಮಾತ್ರ ಮನೆ ಸಂಖ್ಯೆಯ ಜಾಗದಲ್ಲಿ ಒಂದು ಅಡ್ಡಗೆರೆ ಇದೆ. ನಮ್ಮದೂ ಸೇರಿ ನಾಲ್ಕು ಮನೆಗಳ ಕೆಲಸ ಮಾಡುವ ಹೆಂಗಸು ಪಾತ್ರೆ ತೊಳೆದು ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ಮೊಬೈಲಿನ ಕವರಿನ ಹಿಂದೆ ನಾಲ್ಕು ಮಡಿಕೆಯಾಗಿ ಇಟ್ಟಿದ್ದ 500ರ ನೋಟನ್ನು ಬಿಡಿಸಿ ಕೊಟ್ಟರು. "ಅಕ್ಕಾ, ಇದನ್ನೂ ಸೇರಿಸ್ಕೊಳ್ಳಿ. ಗ್ರೂಪಲ್ಲೆಲ್ಲ ಹಾಕ್ಬೇಡಿ" ಎಂದರು. ಇಲ್ಲಿಯೂ ಅವರ ಹೆಸರು ಬರೆಯುತ್ತಿಲ್ಲ.

ಅವರಿಗೆ ನಾಲ್ಕು ಮನೆಗಳಿಂದ ತಿಂಗಳಿಗೆ ಬರುವುದು ಸುಮಾರು 12,000. ನಮ್ಮ ಮನೆಯ ವರಮಾನ ಅದರ ಹತ್ತು ಪಟ್ಟಿಗಿಂತ ಹೆಚ್ಚಿರುವುದರಿಂದ, ಬರೀ ಶೇಕಡಾವಾರು ನೋಡಿದರೂ ನಾನು 5,000ಕ್ಕಿಂತ ಹೆಚ್ಚು ಬರೆಯಬೇಕಿತ್ತು. ಆದರೆ ಶೇಕಡಾವಾರು ಲೆಕ್ಕವೂ ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಬಾಡಿಗೆ, ಚೀಟಿ ಕಂತು, ಮಗನ ಬಸ್ ಪಾಸು, ಗ್ಯಾಸು ಎಲ್ಲ ಕಳೆದ ಮೇಲೆ ಅವರ ಕೈಯಲ್ಲಿ ಉಳಿಯುವುದು ಸಾವಿರದ ಆಸುಪಾಸು, ಅದರಲ್ಲಿ ಅರ್ಧ ಆ ನೋಟು. ನಾನು 2,000 ಕೊಟ್ಟ ಮರುದಿನ ನಮ್ಮ ಮನೆಯ ತರಕಾರಿ ಚೀಲದಲ್ಲಿ ಒಂದು ಬೀನ್ಸ್ ಕೂಡ ಕಡಿಮೆಯಾಗಲಿಲ್ಲ. ತೆರಿಗೆಯ ನಿಯಮವೂ ನನ್ನ ಕಡೆಗೇ ವಾಲಿದೆ. ಆದಾಯ ತೆರಿಗೆಯ ಹಳೆಯ ಪದ್ಧತಿಯಲ್ಲಿ ಶೇ. 30ರ ಹಂತದಲ್ಲಿರುವವರು, ಕೊಟ್ಟದ್ದರ ಅರ್ಧಕ್ಕೆ ವಿನಾಯಿತಿ ಇರುವ ಸಂಸ್ಥೆಗೆ 10,000 ಕೊಟ್ಟರೆ ಸುಮಾರು 1,500 ರೂಪಾಯಿ ತೆರಿಗೆ ಉಳಿಯುತ್ತದೆ. ಹೊಸ ಪದ್ಧತಿಗೆ ಹೋದವರಿಗೆ ಆ ಸೌಲಭ್ಯವಿಲ್ಲ. ತೆರಿಗೆಯ ಮಿತಿಗೇ ಬಾರದವರ ದಾನಕ್ಕಂತೂ ಎರಡರಲ್ಲೂ ಬಿಡಿಗಾಸು ಹಿಂದಿರುಗುವುದಿಲ್ಲ.

ಏಕೆ ಕೊಟ್ಟಿರಿ ಎಂದು ನಾನು ಕೇಳಬಾರದಿತ್ತು, ಆದರೂ ಕೇಳಿದೆ. ಅವರ ಮಗನಿಗೆ ಡೆಂಗಿ ಬಂದ ರಾತ್ರಿ ಎರಡು ಗಂಟೆಗೆ ಗೇಟು ಬಿಟ್ಟು ಹೋಗಿ ಆಟೋ ಹಿಡಿದು ತಂದವನು ಆ ಸೆಕ್ಯುರಿಟಿಯೇ ಅಂತೆ. ನನಗೆ ನಮ್ಮೂರಿನ ಮುಯ್ಯಿ ಪುಸ್ತಕ ನೆನಪಾಯಿತು. ಮದುವೆಯ ಚಪ್ಪರದಲ್ಲಿ ಒಬ್ಬರು ಕುಳಿತು ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆದುಕೊಳ್ಳುತ್ತಿದ್ದರು, ಅವರ ಮನೆಯ ಕಾರ್ಯ ಬಂದಾಗ ಪುಟ ತೆರೆದು ನೋಡಿ ಅಷ್ಟಕ್ಕೆ ಸ್ವಲ್ಪ ಸೇರಿಸಿ ಹಿಂದಿರುಗಿಸುತ್ತಿದ್ದರು. ಬ್ಯಾಂಕು, ವಿಮೆ ಎರಡೂ ಕೈಗೆಟುಕದವರಿಗೆ ಒಬ್ಬರಿಗೊಬ್ಬರು ಕೊಟ್ಟದ್ದೇ ಉಳಿತಾಯ. ಹಾಗಾಗಿ ಬಡವರ ಕೊಡುಗೆಯನ್ನು ತ್ಯಾಗವೆಂದು ಹೊಗಳಿ ಕಣ್ಣೊರೆಸಿಕೊಳ್ಳುವ ನಮ್ಮ ಅಭ್ಯಾಸ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಆ ಹೊಗಳಿಕೆಯ ಮರೆಯಲ್ಲಿ ಉಳ್ಳವರು ಸುಲಭವಾಗಿ ಪಾರಾಗುತ್ತಾರೆ.

ಇನ್ನೊಂದು ಮಗ್ಗುಲನ್ನೂ ಹೇಳಬೇಕು. ಆಸ್ಪತ್ರೆಯ ಕೌಂಟರಿನಲ್ಲಿ ಯಾರ 500 ಎಷ್ಟು ಭಾರದ್ದು ಎಂದು ಕೇಳುವವರಿಲ್ಲ, ಬಿಲ್ಲಿನ ಮೊತ್ತ ತುಂಬಿತೇ ಎಂಬುದೊಂದೇ ಅಲ್ಲಿನ ಪ್ರಶ್ನೆ. 2019ರ ಮಾರ್ಚಿನಲ್ಲಿ ಅಜೀಂ ಪ್ರೇಮ್‌ಜಿಯವರು ವಿಪ್ರೊದ ಇನ್ನೂ ಶೇ. 34ರಷ್ಟು ಷೇರುಗಳ ಆದಾಯವನ್ನು ಪರೋಪಕಾರಕ್ಕೆಂದು ಬಿಟ್ಟುಕೊಟ್ಟರು. ಆಗಿನ ಬೆಲೆಯಲ್ಲಿ ಅದು 52,750 ಕೋಟಿ ರೂಪಾಯಿ, ಹಿಂದಿನದೂ ಸೇರಿ ಸುಮಾರು 1.45 ಲಕ್ಷ ಕೋಟಿ. ಅವರ ಊಟದ ತಟ್ಟೆಯಲ್ಲಿ ಏನೂ ಕಡಿಮೆಯಾಗಿರಲಾರದು. ಆದರೆ ಆ ಕಾರಣಕ್ಕೆ ಅದನ್ನು ಹಗುರವಾಗಿ ಕಾಣುವುದು ಸಣ್ಣತನ, ಏಕೆಂದರೆ ಅಷ್ಟು ಹಣದಿಂದ ಆಗುವ ಕೆಲಸ ಎಷ್ಟು ಸಾವಿರ ಚಂದಾ ಪುಸ್ತಕಗಳಿಂದಲೂ ಆಗದು. ಕೊಟ್ಟವರಿಗೆ ಎಷ್ಟು ನೊಂದಿತು ಎಂಬುದು ಒಂದು ಲೆಕ್ಕ, ಪಡೆದವರಿಗೆ ಎಷ್ಟು ಒದಗಿತು ಎಂಬುದು ಇನ್ನೊಂದು. ಎರಡನ್ನೂ ಒಂದೇ ಕಲಮಿನಲ್ಲಿ ಬರೆದು ಕೂಡಿಸಹೊರಟರೆ ತಾಳೆಯಾಗುವುದಿಲ್ಲ.

ಎರಡೂ ಲೆಕ್ಕ ಒಬ್ಬರಲ್ಲೇ ಕೂಡಿದ್ದೂ ಉಂಟು. ಮಂಗಳೂರಿನಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರುತ್ತಿದ್ದ ಹರೇಕಳ ಹಾಜಬ್ಬನವರು, ವಿದೇಶಿ ದಂಪತಿ ಹಣ್ಣಿನ ಬೆಲೆ ಕೇಳಿದ್ದು ಅರ್ಥವಾಗದೆ ಆದ ಅವಮಾನಕ್ಕೆ ತಮ್ಮೂರು ನ್ಯೂಪಡ್ಪುವಿನಲ್ಲಿ ಶಾಲೆ ಮಾಡಿಸಿದರು. 2020ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು. ಕಿತ್ತಳೆಯ ಲಾಭವೊಂದರಿಂದಲೇ ಶಾಲೆ ಎದ್ದುಬಿಟ್ಟಿತು ಎಂಬಂತೆ ಈ ಕಥೆಯನ್ನು ಹೇಳುವುದುಂಟು. ಅವರು ಕೂಡಿಟ್ಟ ಹಣದಷ್ಟೇ ದೊಡ್ಡದು, ವ್ಯಾಪಾರ ಬಿಟ್ಟು ಸರ್ಕಾರಿ ಕಚೇರಿಗಳ ಮೆಟ್ಟಿಲು ಹತ್ತಿದ ದಿನಗಳು. ದಿನಗೂಲಿಯಂತೆ ದುಡಿಯುವವರಿಗೆ ಒಂದು ದಿನದ ಅಲೆದಾಟವೆಂದರೆ ಒಂದು ದಿನದ ಅನ್ನ. ಸಂಬಳ ತಪ್ಪದೆ ರಜೆ ಹಾಕುವ ನನ್ನಂಥವರಿಗೆ ಈ ಖರ್ಚು ಕಾಣಿಸುವುದೇ ಇಲ್ಲ.

ನನ್ನನ್ನು ಹೆಚ್ಚು ಕಾಡುವುದು ಆಯ್ದಕ್ಕಿ ಲಕ್ಕಮ್ಮ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ, ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುತ್ತಿದ್ದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಆಸೆ ಅರಸರಿಗಿರಬಹುದೇ ಹೊರತು ಶಿವಭಕ್ತರಿಗೆ ಸಲ್ಲದು ಎಂದು ಹೆಂಡತಿಯೇ ಅದನ್ನು ಅಲ್ಲಿಗೇ ಹಿಂದಿರುಗಿಸಲು ಕಳಿಸಿದ್ದಳು. ಹೆಚ್ಚಿಗೆ ತಂದು ಹೆಚ್ಚು ಜನಕ್ಕೆ ಬಡಿಸಬಹುದಿತ್ತಲ್ಲ ಎಂದು ನಮ್ಮ ಕಾಲದ ಬುದ್ಧಿ ಕೇಳುತ್ತದೆ. ಆಕೆಯ ಲೆಕ್ಕ ಕೊಡುವ ಹೊತ್ತಿಗಲ್ಲ, ಮನೆಗೆ ತರುವ ಹೊತ್ತಿಗೇ ಶುರುವಾಗುತ್ತಿತ್ತು. ನನ್ನ ವರಮಾನದಲ್ಲಿ ಯಾವುದು ನಿತ್ಯದ ಅಕ್ಕಿ, ಯಾವುದು ಹೆಚ್ಚಿನದು ಎಂದು ನಾನಿನ್ನೂ ಗೆರೆ ಎಳೆದಿಲ್ಲ.

ಆಪರೇಷನ್ ಚೆನ್ನಾಗಿಯೇ ಆಯಿತು, ಹುಡುಗಿ ಈಗ ನಡೆಯುತ್ತಾಳೆ. ಪುಸ್ತಕದ ಲೆಕ್ಕವನ್ನು ಕೂಡಿ ಗ್ರೂಪಿಗೆ ಹಾಕುವಾಗ ಇಪ್ಪತ್ತೇಳನೆಯ ಸಾಲನ್ನು "ಇತರೆ" ಎಂದು ಬರೆದೆ. ಅದೇ ತಿಂಗಳ ಇಪ್ಪತ್ತನಾಲ್ಕಕ್ಕೆ ಆ ಹೆಂಗಸು ಅಡಿಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾ, ಒಂದೈನೂರು ಅಡ್ವಾನ್ಸ್ ಕೊಡ್ತೀರಾ?" ಎಂದರು. ಕೊಟ್ಟೆ. ಒಂದನೇ ತಾರೀಖು ಆ ಹಣವನ್ನು ಹಿಡಿಯದೆ ಪೂರ್ತಿ ಸಂಬಳ ಕೈಗಿಟ್ಟಾಗ ಅವರು ನಿಂತಲ್ಲೇ ಎಣಿಸಿ, 500ರ ಒಂದು ನೋಟನ್ನು ತೆಗೆದು ಫ್ರಿಜ್ಜಿನ ಮೇಲಿಟ್ಟು, ಪೊರಕೆ ಹಿಡಿದು ಹಾಲಿಗೆ ಹೋದರು.