ಉಡದ ದೊಡ್ಡಕ್ಕನ ಊರಿಗೆ ಹೋಗಿದ್ದೆ

ಬಾಲಿಯ ನಾಲ್ಕು ದಿನಗಳ ಬಗ್ಗೆ ಬರೆಯುವುದಿಲ್ಲ. ನಮ್ಮ ಬೀದಿಯಲ್ಲೇ ಮೂರು ಮನೆಯವರು ಬಾಲಿಗೆ ಹೋಗಿಬಂದಿದ್ದಾರೆ. ಎಲ್ಲರ ಫೋನಿನಲ್ಲೂ ಅದೇ ಉಯ್ಯಾಲೆ, ಅದೇ ಮೆಟ್ಟಿಲು ಗದ್ದೆ. ಬರೆಯಬೇಕು ಅನ್ನಿಸಿದ್ದು ಅಲ್ಲಿಂದ ಪೂರ್ವಕ್ಕೆ ಒಂದು ಗಂಟೆಯ ಚಿಲ್ಲರೆ ವಿಮಾನದ ದಾರಿಯಲ್ಲಿರುವ, ಇಂಡೋನೇಷ್ಯಾದ್ದೇ ಆದ ಫ್ಲೋರೆಸ್ ದ್ವೀಪದ ಲಬುವಾನ್ ಬಾಜೊ ಊರು, ಅಲ್ಲಿಂದ ದೋಣಿಯಲ್ಲಿ ಕೊಮೋಡೋ ದ್ವೀಪ, ಅಲ್ಲಿ ಒಬ್ಬ ಅಜ್ಜಿಯ ಜೊತೆ ಕಳೆದ ಒಂದು ಮಧ್ಯಾಹ್ನದ ಬಗ್ಗೆ.

ಹೋಗಿದ್ದು ನನ್ನ ಆಸೆಯಿಂದಲ್ಲ. ಮಗಳು ಡೈವಿಂಗ್ ಕಲಿತಿದ್ದಾಳೆ. ಅಲ್ಲಿನ ಸಮುದ್ರದಲ್ಲಿ ಡಬಲ್ ಕಾಟ್‌ಗಿಂತ ಅಗಲದ ಮಾಂಟಾ ರೇ ಮೀನುಗಳಿವೆ, ಕರಾವಳಿಯವರು ತೊರಕೆ ಅನ್ನುತ್ತಾರಲ್ಲ, ಆ ಜಾತಿ. ಅವಳಿಗೆ ಅದು ಬೇಕಿತ್ತು. "ನೀನು ಡ್ರ್ಯಾಗನ್ ನೋಡಮ್ಮ" ಅಂದಳು. ಡ್ರ್ಯಾಗನ್ ಅಂದರೆ ಕೊಮೋಡೋ ಡ್ರ್ಯಾಗನ್, ಉಡದ ಜಾತಿಯದ್ದೇ, ಗಾತ್ರದಲ್ಲಿ ಬಹಳ ದೊಡ್ಡದು. ಹೊಸದುರ್ಗದ ಕಡೆಯ ಹಳ್ಳಿಯಲ್ಲಿ ಹುಟ್ಟಿದವಳು ನಾನು, ಉಡ ನೋಡದವಳಲ್ಲ. "ಉಡ ನೋಡೋಕೆ ಇಷ್ಟು ದುಡ್ಡು ಕೊಡ್ಬೇಕೇನೇ?" ಅಂದೆ. ದುಡ್ಡು ಆಗಲೇ ಕಟ್ಟಿಯಾಗಿತ್ತು.

ದುಡ್ಡಿನ ಮಾತು ಬಂತು, ಹೊಟ್ಟೆಯುರಿ ಇನ್ನೂ ಆರಿಲ್ಲ, ಹೇಳಿಬಿಡುತ್ತೇನೆ. ದೋಣಿ ಬುಕ್ ಮಾಡಿದಾಗ ಏಜೆಂಟ್ "ಎಲ್ಲಾ ಸೇರಿ" ಅಂದಿದ್ದ. ಕಡವಿಗೆ ಹೋಗಿ ನಿಂತರೆ ರಾಷ್ಟ್ರೀಯ ಉದ್ಯಾನದ ಪ್ರವೇಶ ಶುಲ್ಕ ಬೇರೆ, ಗೈಡ್ ಶುಲ್ಕ ಬೇರೆ, ಎಲ್ಲಾ ನಗದು, ಎಲ್ಲಾ ರೂಪಿಯಾ. ಆ ದುಡ್ಡಿನಲ್ಲಿ ಸೊನ್ನೆಗಳು ಎಷ್ಟಿವೆಯೆಂದರೆ ಕಾಫಿಗೂ ಸಾವಿರಗಟ್ಟಲೆ. ಎಣಿಸುವಷ್ಟರಲ್ಲಿ ದೋಣಿಯವನು ಎರಡು ಸಲ ಹಾರ್ನ್ ಹೊಡೆದ. ಹಾಗಾಗಿ "ಎಲ್ಲಾ ಸೇರಿ" ಅಂದರೆ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ದೋಣಿ ಹತ್ತುವ ಮೊದಲೇ ಊರಿನ ಎಟಿಎಂನಲ್ಲಿ ನಗದು ತೆಗೆದಿಟ್ಟುಕೊಳ್ಳಿ.

ಇನ್ನೊಂದು ಊಟದ ವಿಷಯ. "ವೆಜಿಟೇರಿಯನ್" ಅಂದರೆ ದೋಣಿಯ ಅಡುಗೆಯವನು ಖುಷಿಯಿಂದ ತಲೆಯಾಡಿಸಿ ಅನ್ನ, ಹುರಿದ ತೆಂಪೆ (ಸೋಯಾ ಕಾಳು ಹುದುಗಿಸಿ ಮಾಡಿದ್ದು), ಜೊತೆಗೆ ಕೆಂಪಗೆ ಸಂಬಾಲ್ ತಂದಿಟ್ಟ. ಮೆಣಸಿನಕಾಯಿ ಚಟ್ನಿ ಕಂಡು ನನಗೆ ಪ್ರಾಣ ಬಂದಂತಾಯಿತು. ಎರಡನೇ ತುತ್ತಿಗೆ ಮೂಗಿಗೆ ಏನೋ ಬಡಿಯಿತು. ತೆರಾಸಿ, ಒಣ ಸೀಗಡಿ ಅರೆದ ಉಂಡೆ. ಅವರಿಗೆ ಅದು ಇಂಗು ಇದ್ದ ಹಾಗೆ, ಮಾಂಸದ ಲೆಕ್ಕಕ್ಕೇ ಬರುವುದಿಲ್ಲ. "ತಾನ್ಪಾ ತೆರಾಸಿ" ಅಂದರೆ ತೆರಾಸಿ ಇಲ್ಲದೆ. ಈ ಎರಡು ಶಬ್ದ ಬಾಯಿಪಾಠ ಮಾಡಿಕೊಳ್ಳಿ. ಪುಳಿಯೋಗರೆ ಗೊಜ್ಜಿನ ಡಬ್ಬಿಯನ್ನು ಹೋಟೆಲ್ ರೂಮಿನಲ್ಲೇ ಬಿಟ್ಟುಬಂದ ಮಗಳನ್ನು ನಾನಿನ್ನೂ ಕ್ಷಮಿಸಿಲ್ಲ.

ದೋಣಿ ಕೊಮೋಡೋ ಹತ್ತಿರ ಬಂದಾಗ ಮೊದಲು ಕಂಡಿದ್ದು ಒಣಗಿದ ಗುಡ್ಡ. ಸೆಪ್ಟೆಂಬರ್ ತಿಂಗಳು, ಹುಲ್ಲು ಕಂದು ತಿರುಗಿತ್ತು. ಲೋ ಲಿಯಾಂಗ್ ಅನ್ನುವ ಕಡವಿನಲ್ಲಿ ಇಳಿದು ನೋಡಿದರೆ ಹುಣಸೆಮರ, ಎಲಚಿಗಿಡ, ಗುಡ್ಡದ ಮೇಲೆ ತಾಳೆಮರ. ಚಿತ್ರದುರ್ಗದ ಕಲ್ಲುಗುಡ್ಡಕ್ಕೆ ಸುತ್ತ ಸಮುದ್ರ ತುಂಬಿಸಿದ ಹಾಗಿತ್ತು. ನನಗೆ ನಗು ತಡೆಯಲಾಗಲಿಲ್ಲ.

ಕೈಯಲ್ಲಿ ಕವೆಗೋಲು ಹಿಡಿದ ಗೈಡ್ ಹುಡುಗ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ನಿಯಮ ಹೇಳಿದ: ಗುಂಪು ಬಿಟ್ಟು ಹೋಗಬೇಡಿ, ಓಡಬೇಡಿ, ಕೈಚೀಲ ನೇತಾಡಿಸಬೇಡಿ. ಆಮೇಲೆ ಎಲ್ಲರೆದುರಿಗೇ, ಟಿಕೆಟ್ ಕೇಳುವಷ್ಟೇ ಸಲೀಸಾಗಿ, ಯಾರಾದರೂ ಮುಟ್ಟಾಗಿದ್ದಾರಾ ಎಂದು ಕೇಳಿದ. ಒಬ್ಬ ಹುಡುಗಿ ಕೈಯೆತ್ತಿದಳು. ಅವಳನ್ನು ತನ್ನ ಪಕ್ಕಕ್ಕೆ ಕರೆದುಕೊಂಡ, ಅಷ್ಟೆ. ನಮ್ಮಲ್ಲಾದರೆ ಈ ಮಾತಿಗೆ ಎಷ್ಟು ಪಿಸುಗುಟ್ಟುತ್ತಿದ್ದೆವು, ಕೊನೆಗೆ ಅವಳನ್ನು ದೋಣಿಯಲ್ಲೇ ಕೂರಿಸಿ ಹೋಗುತ್ತಿದ್ದೆವು. ಇಲ್ಲಿ ಕಾರಣ ರಕ್ತದ ವಾಸನೆ ಮಾತ್ರ. ಆ ಪ್ರಾಣಿ ಹಳದಿ ಸೀಳುನಾಲಗೆ ಹೊರಹಾಕಿ ವಾಸನೆ ಹಿಡಿಯುತ್ತದೆ, ಗಾಳಿ ಕೂಡಿಬಂದರೆ ಕೊಳೆತ ಮಾಂಸದ ಸುಳಿವು ಕಿಲೋಮೀಟರುಗಟ್ಟಲೆ ದೂರದಿಂದ ಸಿಗುತ್ತದೆ. ನನಗೆ ಐವತ್ತಾರು, ನಾನು ಆ ಪ್ರಶ್ನೆಯಿಂದ ನಿವೃತ್ತಳು.

ಕಾಡಿನೊಳಗೆ ಹುಡುಕಿಕೊಂಡು ಹೋಗಬೇಕೇನೋ ಅಂದುಕೊಂಡಿದ್ದೆ. ಅದು ಸಿಬ್ಬಂದಿಯ ಮನೆಯ ಕೆಳಗೇ ಮಲಗಿತ್ತು. ಕಂಬಗಳ ಮೇಲೆ ನಿಂತ ಮರದ ಮನೆ, ಅದರ ನೆರಳಿನಲ್ಲಿ ನಾಲ್ಕೂ ಕಾಲು ಚೆಲ್ಲಿ, ಮದುವೆಮನೆಯಲ್ಲಿ ಉಂಡು ಮಲಗಿದ ಹಿರಿಯರ ಹಾಗೆ. ನಾನು ನೋಡಿದ ಉಡ ಹೆಚ್ಚೆಂದರೆ ಮಾರುದ್ದ. ಇದು ಮೂತಿಯಿಂದ ಬಾಲದ ತುದಿಗೆ ಹತ್ತಡಿಗೆ ಸ್ವಲ್ಪ ಕಡಿಮೆಯಿರಬಹುದು. ಕುತ್ತಿಗೆಯ ಚರ್ಮ ಹಳೇ ಚಪ್ಪಲಿಯ ಹಾಗೆ ಮಡಿಕೆ ಮಡಿಕೆ. ಬಾಯಿಯ ಮೂಲೆಯಲ್ಲಿ ಜೊಲ್ಲು ಕಟ್ಟಿ ಒಂದು ನೊಣ ಕೂತಿತ್ತು. ಕಣ್ಣು ಮಾತ್ರ ತೆರೆದೇ ಇತ್ತು. ಅಲುಗಾಡದೆ, ಕಂದು ಗಾಜಿನ ಗೋಲಿಯಂಥ ಕಣ್ಣು ನಮ್ಮನ್ನು ಎಣಿಸುತ್ತಿತ್ತು.

ಗೈಡ್ ಹುಡುಗ ಇದರ ಜೊಲ್ಲಿನಲ್ಲಿ ಕೊಳಕು ಬ್ಯಾಕ್ಟೀರಿಯಾ ಇರುತ್ತದೆ, ಕಚ್ಚಿಸಿಕೊಂಡ ಎಮ್ಮೆ ಅದರಿಂದ ಸಾಯುತ್ತದೆ ಅಂದ. ಮಗಳು ಬಿಡಲಿಲ್ಲ: ಅದು ಹಳೇ ಕಥೆ, 2009ರಲ್ಲೇ ವಿಷಗ್ರಂಥಿ ಇದೆ ಅಂತ ತೋರಿಸಿದ್ದಾರೆ, ರಕ್ತ ಹೆಪ್ಪುಗಟ್ಟಲು ಬಿಡದ ವಿಷ ಅದು. ಹಲ್ಲಿನ ತುದಿಗೆ ಕಬ್ಬಿಣದ ಲೇಪ ಇರುವುದು 2024ರಲ್ಲಿ ಗೊತ್ತಾಗಿದೆ. ಹುಡುಗ ಶಾಂತವಾಗಿ ಕೇಳಿಸಿಕೊಂಡು, "ಮಿಸ್, ಎರಡರಲ್ಲಿ ಯಾವುದಾದರೂ ಸರಿ, ಒಂದು ಹೆಜ್ಜೆ ಹಿಂದೆ ಬನ್ನಿ" ಅಂದ.

ಮೊಟ್ಟೆಯಿಡುವ ಕಾಲ ಅದು. ಕಾಡುಕೋಳಿಯಂಥ ಒಂದು ಹಕ್ಕಿ ಎಲೆ, ಮಣ್ಣು ಗುಡ್ಡೆ ಹಾಕಿ ಮಾಡಿದ ಗೂಡನ್ನೇ ಹೆಣ್ಣು ಡ್ರ್ಯಾಗನ್ ಆಕ್ರಮಿಸಿಕೊಂಡು ಇಪ್ಪತ್ತು ಚಿಲ್ಲರೆ ಮೊಟ್ಟೆ ಇಡುತ್ತದೆ. ಏಳೆಂಟು ತಿಂಗಳಿಗೆ ಹೊರಬಂದ ಮರಿ ಮಾಡುವ ಮೊದಲ ಕೆಲಸ ಮರ ಹತ್ತುವುದು. ಕೆಳಗಿದ್ದರೆ ದೊಡ್ಡವು ತಿಂದುಬಿಡುತ್ತವೆ. ಹೆತ್ತವರು, ಬಂಧುಗಳು ಅಂತೇನೂ ಇಲ್ಲ.

ಅಲ್ಲಿಂದ ದೋಣಿಯಲ್ಲಿ ಸ್ವಲ್ಪ ದೂರಕ್ಕೆ ಕಂಪುಂಗ್ ಕೊಮೋಡೋ ಅನ್ನುವ ಹಳ್ಳಿ. ಬಹಳಷ್ಟು ಪ್ರವಾಸಿಗರು ಇಲ್ಲಿಗೆ ಬರುವುದಿಲ್ಲ, ಗುಲಾಬಿ ಮರಳಿನ ಬೀಚಿಗೆ ಓಡುತ್ತಾರೆ. ಆ ಬೀಚನ್ನು ನಾನೂ ನೋಡಿದೆ. ಫೋನಿನಲ್ಲಿ ಬಣ್ಣ ಹೆಚ್ಚಿಸಿದರೆ ಚೆನ್ನಾಗಿದೆ. ಊರಿನಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜನ. ಕಂಬದ ಮೇಲೆ ಮನೆ, ತಗಡಿನ ಸೂರು, ಮಸೀದಿ, ಹೆಜ್ಜೆಗೊಂದು ಆಡು. ಊರಿಗೂ ಕಾಡಿಗೂ ನಡುವೆ ನಾನು ಊಹಿಸಿಕೊಂಡಿದ್ದ ಗೋಡೆ ಇರಲಿಲ್ಲ. ಗೈಡ್ ಹುಡುಗನದ್ದು ಅದೇ ಊರು. "ಇಬು, ನಮ್ಮಜ್ಜಿ ಮನೆಗೆ ಬನ್ನಿ" ಅಂದ. ಇಬು ಅಂದರೆ ಅಮ್ಮ. ಆತನ ತಾಯಿಯ ವಯಸ್ಸಿನವರೆಲ್ಲ ಇಬು.

ಏಣಿ ಹತ್ತಿ ಒಳಗೆ ಹೋದೆವು. ಅಜ್ಜಿಗೆ ಎಂಬತ್ತರ ಹತ್ತಿರ, ಹಲ್ಲು ನಾಲ್ಕೋ ಐದೋ. ನೆಲದ ಹಲಗೆಗಳ ಸಂದಿನಿಂದ ಕೆಳಗಿನ ಆಡುಗಳ ಬೆನ್ನು ಕಾಣುತ್ತಿತ್ತು. ಬಿಸಿನೀರಿಗೆ ಸಕ್ಕರೆಯನ್ನೇ ಸುರಿದಂಥ ಟೀ ಕೊಟ್ಟರು. ಹುಡುಗ ಬಂದ ಕಾರಣ ಹೇಳಿದ ಮೇಲೆ ಅಜ್ಜಿ ನನ್ನನ್ನೇ ನೋಡಿಕೊಂಡು ತಮ್ಮೂರಿನ ಮಾತಿನಲ್ಲಿ ಶುರುಮಾಡಿ, ನನಗೋಸ್ಕರ ಇಂಡೋನೇಷ್ಯಾದ ಭಾಷೆಗೆ ಹೊರಳಿದರು. ಹುಡುಗ ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆಯುವ ಮೊದಲೇ ನನಗೆ ಅರ್ಥವಾಗತೊಡಗಿತು.

"ಚೆರಿತಾ" ಅಂದರು. ಚರಿತ, ಕಥೆ. "ಪುತ್ರಿ ನಾಗಾ" ಅಂದರು. ಅದಕ್ಕಂತೂ ಅನುವಾದವೇ ಬೇಡ. ಅವರ ನಾಗ ನಮ್ಮ ಹೆಡೆಯ ನಾಗರಹಾವಲ್ಲ, ಡ್ರ್ಯಾಗನ್ ಅಂತಾರಲ್ಲ ಅದು. ಆ ನಾಗಪುತ್ರಿ "ಮನುಸಿಯಾ" ಒಬ್ಬನನ್ನು ಮದುವೆಯಾದಳು. "ಸುವಾಮಿ, ಇಸ್ತ್ರಿ" ಎಂದು ಎರಡು ಬೆರಳು ಜೋಡಿಸಿ ತೋರಿಸಿದರು, ಗಂಡ ಹೆಂಡತಿ. ಇಸ್ತ್ರಿ ಅಂದಾಗ ಮಗಳು ಬಟ್ಟೆಯ ಇಸ್ತ್ರಿ ನೆನೆದು ಕಿಸಕ್ಕನೆ ನಕ್ಕಳು. ನಾನು ತೊಡೆಗೆ ಚಿವುಟಿದೆ.

ಅವಳಿಗೆ ಅವಳಿಜವಳಿ ಹುಟ್ಟಿತು. ಗಂಡು ಮನುಷ್ಯರೂಪ, ಹೆಸರು ಗೆರೊಂಗ್. ಹೆಣ್ಣು ಉಡದ ರೂಪ, ಹೆಸರು ಓರಾ. ಊರವರು ಈ ಡ್ರ್ಯಾಗನ್‌ಗಳನ್ನೆಲ್ಲ ಓರಾ ಅಂತಲೇ ಕರೆಯುತ್ತಾರೆ. ಹುಡುಗ ಊರಲ್ಲಿ ಬೆಳೆದ, ಹುಡುಗಿ ಕಾಡಲ್ಲಿ ಬೆಳೆದಳು, ಒಬ್ಬರಿಗೊಬ್ಬರು ಗೊತ್ತಿಲ್ಲ. ಗೆರೊಂಗ್ ದೊಡ್ಡವನಾಗಿ ಬೇಟೆಗೆ ಹೋದ, ಜಿಂಕೆ ಹೊಡೆದ. ಎತ್ತಿಕೊಳ್ಳಲು ಹೋದರೆ ಪೊದೆಯಿಂದ ದೊಡ್ಡದೊಂದು ಪ್ರಾಣಿ ಬಂದು ಜಿಂಕೆಯ ಮೇಲೆ ಕಾಲಿಟ್ಟು ಬುಸುಗುಟ್ಟಿತು. ಅಜ್ಜಿ ಇಲ್ಲಿ ಬುಸುಗುಟ್ಟಿಯೇ ತೋರಿಸಿದರು, ಕೆಳಗಿದ್ದ ಆಡೊಂದು ಎದ್ದು ನಿಂತಿತು. ಅವನು ಈಟಿ ಎತ್ತಿದ. ಆಗ ತಾಯಿ ಅಡ್ಡ ಬಂದಳು, ಕೊಲ್ಲಬೇಡ ಅಂದಳು, "ಸೌದಾರಾ" ಅಂದಳು.

ಸೋದರ. ಅಜ್ಜಿ ತಮ್ಮ ಎದೆ ಮುಟ್ಟಿಕೊಂಡು, ಕಿಟಕಿಯಾಚೆ ಗುಡ್ಡದ ಕಡೆ ಕೈತೋರಿಸಿ ಮತ್ತೊಮ್ಮೆ ಅಂದರು, ಸೌದಾರಾ. ಇಂಗ್ಲಿಷಿನಲ್ಲಿ ಇದೇ ಕಥೆಯನ್ನು ಹೋಟೆಲಿನ ಗೋಡೆಯ ಮೇಲೆ ಓದಿದ್ದೆ, ಏನೂ ಅನ್ನಿಸಿರಲಿಲ್ಲ. ಇಲ್ಲಿ ಸಾವಿರಾರು ಮೈಲಿ ದೂರದ ಒಬ್ಬ ಮುದುಕಿಯ ಬಾಯಲ್ಲಿ ನಮ್ಮ ಮನೆಯ ಮಾತು ಹೊರಟಿತು, ಅದೂ ಒಂದು ಉಡದ ಸಲುವಾಗಿ. ಯಾಕೋ ಗಂಟಲು ಕಟ್ಟಿತು.

ಹಾಗಂತ ಅಜ್ಜಿಗೆ ಓರಾ ಮೇಲೆ ಮುದ್ದು ಉಕ್ಕುತ್ತದೆ ಅಂದುಕೊಳ್ಳಬೇಡಿ. ಆಡು ಹೊತ್ತೊಯ್ಯುವುದನ್ನು ಬೈದುಕೊಂಡೇ ಹೇಳಿದರು. ಇಲ್ಲಿ ಸಮಾಧಿಯ ಮೇಲೆ ಕಲ್ಲು ಪೇರಿಸುತ್ತಾರೆ, ಇಲ್ಲದಿದ್ದರೆ ತೋಡಿ ತೆಗೆಯುತ್ತವೆ. 2007ರಲ್ಲಿ ಈ ದ್ವೀಪದಲ್ಲೇ ಒಂದು ಎಂಟು ವರ್ಷದ ಹುಡುಗ ಸತ್ತ. 2009ರಲ್ಲಿ ಸೀತಾಫಲ ಕೀಳಲು ಮರ ಹತ್ತಿದ್ದ ಒಬ್ಬ ಕೆಳಗೆ ಬಿದ್ದ, ಎರಡು ಓರಾಗಳು ಅವನನ್ನು ಬಿಡಲಿಲ್ಲ. ಅಜ್ಜಿ ಇದನ್ನು ಹೇಳುವಾಗ ದನಿ ಏರಿಸಲಿಲ್ಲ. ಆಸ್ತಿ ಜಗಳದಲ್ಲಿ ಮಾತು ಬಿಟ್ಟ ಅಣ್ಣತಮ್ಮಂದಿರ ಬಗ್ಗೆ ನಮ್ಮ ಹಿರಿಯರು ಹೇಳುವ ಧಾಟಿ ಅದು. ಹಿಂದೆ ಬೇಟೆಯಾಡಿದ ಜಿಂಕೆಯಲ್ಲಿ ಓರಾಗೆ ಅಂತ ಒಂದು ಪಾಲು ಬಿಡುತ್ತಿದ್ದರಂತೆ. 1980ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಈಗ ಬೇಟೆಯೂ ಇಲ್ಲ, ಪಾಲೂ ಇಲ್ಲ. "ತಂಗಿಗೆ ಊಟ ನಿಲ್ಲಿಸಿದರೆ ಸಿಟ್ಟು ಬರಲ್ವಾ?" ಅನ್ನುವುದು ಅಜ್ಜಿಯ ವಾದ. ತಿನ್ನಿಸಿ ರೂಢಿ ಮಾಡಿದರೆ ಬೇಟೆ ಮರೆಯುತ್ತವೆ ಅನ್ನುವುದು ಉದ್ಯಾನದವರ ವಾದ. ನನಗೆ ಎರಡನೆಯದು ಸರಿ ಕಂಡಿತು, ಆದರೆ ಅಜ್ಜಿಯ ಮನೆಯಲ್ಲಿ ಕೂತು ಹೇಳುವ ಧೈರ್ಯ ಬರಲಿಲ್ಲ.

ಅಜ್ಜಿಗೆ ಸಿಟ್ಟು ಬಂದಿದ್ದು ಬೇರೆ ಮಾತಿಗೆ. 2019ರಲ್ಲಿ ದ್ವೀಪವನ್ನು ಮುಚ್ಚುತ್ತೇವೆ, ಊರಿನವರನ್ನು ಬೇರೆ ಕಡೆ ಸಾಗಿಸುತ್ತೇವೆ ಅಂತ ಮೇಲಿನವರು ಹೊರಟಿದ್ದರು, ಇದು ಕೊಮೋಡೋಗಳ ದ್ವೀಪ, ಮನುಷ್ಯರದ್ದಲ್ಲ ಅಂತ. ಜನ ಪ್ರತಿಭಟಿಸಿದರು, ಕೊನೆಗೆ ಆ ಯೋಜನೆ ಕೈಬಿಟ್ಟರು. "ಅವಳಿಜವಳಿಯಲ್ಲಿ ಒಂದನ್ನು ಇಟ್ಟುಕೊಂಡು ಒಂದನ್ನು ದೋಣಿ ಹತ್ತಿಸ್ತಾರಂತೆ!" ಅಂತ ಅಜ್ಜಿ ಹಲಗೆಗೆ ಅಂಗೈ ಬಡಿದರು.

ಆಮೇಲೆ ನನ್ನ ಸರದಿ ಬಂತು. ನಿಮ್ಮಲ್ಲಿ ಓರಾ ಇದೆಯಾ ಅಂತ ಕೇಳಿದರು. ಇದೆ, ಚಿಕ್ಕದು, ಉಡ ಅಂತೀವಿ ಅಂದೆ. "ಉಡಾ, ಉಡಾ" ಎಂದು ಬಾಯಲ್ಲಿ ಹೊರಳಿಸಿ ನೋಡಿ ಅಜ್ಜಿ ನಕ್ಕರು. ಅದಕ್ಕೆ ಏನು ಕಥೆ ಹೇಳ್ತೀರಿ? ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಕೋಟೆಗೋಡೆ ಹತ್ತಿದವರ ಕಥೆ ಹೇಳಿದೆ. ನಮ್ಮ ಪಕ್ಕದ ಬಳ್ಳಾರಿ ಸೀಮೆಯ ಸಂಡೂರಿನ ದೊರೆಗಳಿಗೆ ಘೋರ್ಪಡೆ ಅನ್ನುವ ಮನೆತನದ ಹೆಸರು ಬಂದದ್ದೇ ಹಾಗೆ ಅನ್ನುತ್ತಾರೆ, ಮರಾಠಿಯಲ್ಲಿ ಘೋರ್ಪಡ ಅಂದರೆ ಉಡ. ಹಿಡಿದರೆ ಬಿಡದವರಿಗೆ ಉಡದ ಹಿಡಿತ ಅನ್ನುತ್ತೇವೆ ಅಂತಲೂ ಹೇಳಿದೆ. ಅಜ್ಜಿಗೆ ಇದೆಲ್ಲ ಬಹಳ ಹಿಡಿಸಿತು. ಹಾಗಾದರೆ ಅದಕ್ಕೆ ಊಟಕ್ಕೆ ಏನು ಕೊಡ್ತೀರಿ ಅಂತ ಕೇಳಿದರು.

ನಾನು ಹತ್ತು ವರ್ಷದವಳಿದ್ದಾಗ ನಮ್ಮ ಹಿತ್ತಲಿಗೆ ಒಬ್ಬ ಉಡ ತಂದಿದ್ದ. ಓಡದಂತೆ ಅದರ ಕಾಲುಗಳನ್ನು ಬೆನ್ನ ಮೇಲೆ ತಿರುಚಿ ಕಟ್ಟಿದ್ದ. ಸೊಂಟನೋವಿಗೆ ಅದರ ಕೊಬ್ಬಿನ ಎಣ್ಣೆ, ನಾಲಗೆಗೆ ಮಾಂಸ, ಚರ್ಮ ಖಂಜಿರ ವಾದ್ಯಕ್ಕೆ. ಈಗ ಅದನ್ನು ಹಿಡಿಯುವುದು ಕಾನೂನುಬಾಹಿರ, ಆಗಲೂ ಸರಿಯೇನಲ್ಲ. ಅದು ಬಾಯಿ ತೆರೆದು ಮುಚ್ಚಿ ಮಾಡುತ್ತಿತ್ತು, ಸದ್ದಿರಲಿಲ್ಲ. ಈಗಲೂ ಕಛೇರಿಯಲ್ಲಿ ಖಂಜಿರ ಕೇಳಿದರೆ ನನ್ನ ಗಮನ ತಾಳದ ಮೇಲೆ ನಿಲ್ಲುವುದಿಲ್ಲ.

"ಅದು ತಾನೇ ಹುಡುಕ್ಕೊಳ್ಳುತ್ತೆ ಅಂತ ಹೇಳಪ್ಪ" ಅಂದೆ ಹುಡುಗನಿಗೆ. ಮಗಳು ನನ್ನ ಮುಖ ನೋಡಿದಳು, ಏನೂ ಅನ್ನಲಿಲ್ಲ. ಅಜ್ಜಿ ಮಾತ್ರ ಸ್ವಲ್ಪ ಹೊತ್ತು ಸುಮ್ಮನಿದ್ದು, ಟೀ ಇನ್ನಷ್ಟು ಸುರಿದರು.

ಹೊರಡುವಾಗ ಅಜ್ಜಿಯ ಮಗ ಮರದಲ್ಲಿ ಕೆತ್ತಿದ ಓರಾ ಒಂದನ್ನು ಕೊಂಡೆ. ಊರಿನಲ್ಲಿ ಬಹಳ ಮನೆಗಳಿಗೆ ಈಗ ಇದೇ ಕಸುಬು. ಚೌಕಾಸಿ ಮಾಡಲಿಲ್ಲ, ಅದು ನನ್ನ ಜೀವಮಾನದಲ್ಲೇ ಮೊದಲು. ಮರುದಿನ ಮಗಳು ಮಾಂಟಾ ನೋಡಿ ಬಂದು ಎರಡು ಗಂಟೆ ಹೇಳಿದಳು, ನಾನು ವಾಂತಿಯ ಮಾತ್ರೆ ನುಂಗಿ ಮಲಗಿದ್ದೆ. ಅದಾದ ಮೇಲಿನ ದಿನಗಳು ವಿಮಾನ ನಿಲ್ದಾಣಗಳಲ್ಲಿ ಹೋದವು.

ಮನೆಗೆ ಬಂದು ಓರಾವನ್ನು ಹಾಲಿನ ಶೋಕೇಸಿನಲ್ಲಿ ಇಟ್ಟೆ. ಮರುದಿನ ಕೆಲಸಕ್ಕೆ ಬಂದ ಹುಡುಗಿ ಪೊರಕೆ ಹಿಡಿದು ಬಾಗಿಲಲ್ಲೇ ನಿಂತುಬಿಟ್ಟಳು. "ಉಡ ಮನೆಯೊಳಗೆ ಬಂದ್ರೆ ಒಳ್ಳೇದಲ್ಲ ಕಣಕ್ಕ, ತೆಗೀರಿ ಅದನ್ನ." ಮರದ್ದು ಕಣೇ, ಬಂದಿದ್ದಲ್ಲ, ನಾನೇ ತಂದಿದ್ದು ಅಂದರೂ ಕೇಳಲಿಲ್ಲ. ಎರಡು ದಿನ ಹಾಲ್ ಗುಡಿಸಲಿಲ್ಲ. ಕೊನೆಗೆ ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕಕ್ಕೆ ಸಾಗಿಸಿದ್ದೇನೆ, ಮೂತಿ ಹೊರಗಡೆಗೆ ಮಾಡಿ. ಅದಕ್ಕೆ ಅವಳು ಒಪ್ಪಿದ್ದಾಳೆ.