ಸರಿಯಿದೆ ಎಂದು ಹೇಗೆ ಗೊತ್ತು?

ಕೆಲವು ವರ್ಷ ಉದ್ಯೋಗ ಮಾಡಿ ಸಾಫ್ಟ್‌ವೇರ್ ಎಂಜಿನಿಯರಿಂಗ್‌ನ ಸ್ನಾತಕೋತ್ತರ ಪದವಿಗೆ ಸೇರಿದಾಗ, ಕೋಡ್ ಬರೆಯುವುದನ್ನೇ ಇನ್ನಷ್ಟು ಚೆನ್ನಾಗಿ ಕಲಿಸುತ್ತಾರೆಂದು ನಾನು ಭಾವಿಸಿದ್ದೆ. ಮೊದಲ ಸೆಮಿನಾರಿನಲ್ಲಿ ಒಂದು ಟೆಸ್ಟಿಂಗ್ ಸಾಧನವನ್ನು ವಿವರಿಸುತ್ತ, ಅದು ಪ್ರೋಗ್ರಾಮಿನ ಬಹುಪಾಲು ಸಾಲುಗಳನ್ನು ಮುಟ್ಟುತ್ತದೆ, ಅಂದರೆ ಒಮ್ಮೆಯಾದರೂ ಓಡಿಸಿ ನೋಡುತ್ತದೆ ಎಂದು ಹೇಳಿದೆ. ಪ್ರಾಧ್ಯಾಪಕರು ಕೇಳಿದ್ದು ಇಷ್ಟೇ: “ಮುಟ್ಟಿದ ಸಾಲು ಸರಿಯಾದ ಉತ್ತರವನ್ನೇ ಕೊಟ್ಟಿತೆಂದು ಹೇಗೆ ಗೊತ್ತಾಯಿತು?” ಅಂದು ನನ್ನಲ್ಲಿ ಉತ್ತರವಿರಲಿಲ್ಲ. ಮುಂದಿನ ಎರಡು ವರ್ಷಗಳಲ್ಲಿ ಈ ವಿಷಯದ ಯಾವ ಶಾಖೆಯನ್ನು ಓದಿದರೂ ಅದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಎದುರಾಗುತ್ತಿತ್ತು.

‘ಸಾಫ್ಟ್‌ವೇರ್ ಎಂಜಿನಿಯರಿಂಗ್’ ಎಂಬ ಹೆಸರು ಚಾಲ್ತಿಗೆ ಬಂದದ್ದು 1968ರ ಅಕ್ಟೋಬರಿನಲ್ಲಿ ಜರ್ಮನಿಯ ಗಾರ್ಮಿಶ್‌ನಲ್ಲಿ ನಡೆದ ನ್ಯಾಟೋ ಸಮ್ಮೇಳನದಿಂದ. ಗಡುವು ಮೀರುವ, ಖರ್ಚು ಮೀರುವ, ಕೊನೆಗೂ ನೆಚ್ಚಲಾಗದ ಸಾಫ್ಟ್‌ವೇರ್ ಅಂದಿನ ಚಿಂತೆಯಾಗಿತ್ತು. ಆದರೆ ನೆಚ್ಚಿಕೆಗೆ ಒಂದು ಮಿತಿಯಿದೆ ಎಂಬುದು ಅದಕ್ಕೂ ಮೊದಲೇ ಗಣಿತದಲ್ಲಿ ಸಿದ್ಧವಾಗಿತ್ತು. ಯಾವುದೇ ಪ್ರೋಗ್ರಾಂ ಕೊನೆಗೊಳ್ಳುತ್ತದೆಯೋ ಇಲ್ಲವೋ ಎಂಬುದನ್ನು ಹೇಳಬಲ್ಲ ಸಾರ್ವತ್ರಿಕ ವಿಧಾನವಿಲ್ಲವೆಂದು ಗಣಿತಜ್ಞ ಅಲನ್ ಟ್ಯೂರಿಂಗ್ 1936ರಲ್ಲಿ ತೋರಿಸಿದರು. ಪ್ರೋಗ್ರಾಮಿನ ವರ್ತನೆಯ ಕುರಿತ ಕ್ಷುಲ್ಲಕವಲ್ಲದ ಪ್ರತಿಯೊಂದು ಪ್ರಶ್ನೆಗೂ ಇದೇ ಗತಿ ಎಂದು ಗಣಿತಜ್ಞ ಹೆನ್ರಿ ರೈಸ್ ಅವರ 1953ರ ಪ್ರಮೇಯ ಹೇಳಿತು. ಹೀಗಾಗಿ ಇಲ್ಲಿನ ಪ್ರತಿಯೊಂದು ಸಂಶೋಧನಾ ಕ್ಷೇತ್ರವೂ ಯಾವುದನ್ನೋ ಬಿಟ್ಟುಕೊಟ್ಟು ಮತ್ತೇನನ್ನೋ ಪಡೆಯುತ್ತದೆ. ಕೋಡನ್ನು ಓಡಿಸದೆಯೇ ಪರಿಶೀಲಿಸುವ ಸ್ಥಿರ ವಿಶ್ಲೇಷಣೆ ಎಲ್ಲ ಸಾಧ್ಯತೆಗಳನ್ನೂ ಒಳಗೊಳ್ಳಬಲ್ಲದು, ಆದರೆ ಇಲ್ಲದ ದೋಷಗಳನ್ನೂ ವರದಿ ಮಾಡುತ್ತದೆ. ಕೋಡ್ ಸರಿಯಿದೆ ಎಂದು ಗಣಿತದ ಪುರಾವೆಯಿಂದ ತೋರಿಸಬಹುದು, ಆದರೆ ಶ್ರಮ ಅಪಾರ: 2009ರಲ್ಲಿ ಪುರಾವೆ ಪೂರ್ಣಗೊಂಡ ಸೆಲ್4 ಎಂಬ ಮೈಕ್ರೋಕರ್ನೆಲ್, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ಪುಟ್ಟ ತಿರುಳು; ಆ ಮೈಕ್ರೋಕರ್ನೆಲ್‌ನ ಸುಮಾರು 8,700 ಸಾಲು ಸಿ ಭಾಷೆಯ ಕೋಡಿಗೆ ಸುಮಾರು 2 ಲಕ್ಷ ಸಾಲುಗಳ ಪುರಾವೆ ಬೇಕಾಯಿತು.

ನನ್ನ ಮನಸ್ಸು ನಿಂತದ್ದು ಟೆಸ್ಟಿಂಗ್ ಬಳಿ. 1988ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಬಾರ್ಟನ್ ಮಿಲ್ಲರ್ ಅವರು ಗುಡುಗು ಮಳೆಯ ರಾತ್ರಿಯೊಂದರಲ್ಲಿ ಮನೆಯಿಂದ ಟೆಲಿಫೋನ್ ತಂತಿಯ ಮೂಲಕ ಕೆಲಸ ಮಾಡುತ್ತಿದ್ದಾಗ, ತಂತಿಯಲ್ಲಿ ನುಸುಳಿದ ಅಡ್ಡಾದಿಡ್ಡಿ ಅಕ್ಷರಗಳಿಗೇ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ಮಿನ ಪ್ರೋಗ್ರಾಂಗಳು ಕುಸಿದುಬೀಳುವುದನ್ನು ಕಂಡರು. ಅದನ್ನೇ ಅವರು ತಮ್ಮ ತರಗತಿಗೆ ಪ್ರಾಜೆಕ್ಟ್ ಆಗಿ ಕೊಟ್ಟರು. 1990ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಯಾದೃಚ್ಛಿಕ ಅಕ್ಷರಗಳನ್ನು ಉಣಿಸಿದಾಗ ಪರೀಕ್ಷಿಸಿದ ಯುನಿಕ್ಸ್ ಆವೃತ್ತಿಗಳಲ್ಲಿ ಸುಮಾರು ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಪ್ರೋಗ್ರಾಂಗಳು ಕೆಟ್ಟು ನಿಂತವು. ಹೀಗೆ ಯಾದೃಚ್ಛಿಕ ಒಳಹರಿವಿನಿಂದ ಪ್ರೋಗ್ರಾಮನ್ನು ಪರೀಕ್ಷಿಸುವ ಫಝಿಂಗ್ ಹುಟ್ಟಿತು. ಅದರ ಶಕ್ತಿ ಇರುವುದು ಎಲ್ಲಿ ಎಂದು ಯೋಚಿಸಿದರೆ ಸೆಮಿನಾರಿನ ಪ್ರಶ್ನೆ ಮತ್ತೆ ಎದುರಾಗುತ್ತದೆ: ಪ್ರೋಗ್ರಾಂ ಕುಸಿದರೆ ಅದು ತಪ್ಪೆಂದು ಯಾರೂ ಹೇಳಿಕೊಡಬೇಕಿಲ್ಲ. ಕುಸಿಯದೆ, ತಣ್ಣಗೆ ತಪ್ಪು ಉತ್ತರ ಕೊಟ್ಟರೆ? ಉತ್ತರ ಸರಿಯೋ ತಪ್ಪೋ ಎಂದು ತೀರ್ಪು ನೀಡುವ ಆಧಾರವನ್ನು ಈ ಕ್ಷೇತ್ರದಲ್ಲಿ ಟೆಸ್ಟ್ ಒರಾಕಲ್ ಎನ್ನುತ್ತಾರೆ. ಬಹಳಷ್ಟು ಪ್ರೋಗ್ರಾಂಗಳಿಗೆ ಅದು ಸಿಗುವುದೇ ಇಲ್ಲ.

ಇದಕ್ಕೆ ನಾನು ಓದಿದ ಪರಿಹಾರಗಳಲ್ಲಿ ಅತ್ಯಂತ ಸೊಗಸಾದದ್ದು 1998ರಲ್ಲಿ ಟಿ. ವೈ. ಚೆನ್ ಮತ್ತು ಸಂಗಡಿಗರು ಮುಂದಿಟ್ಟ ಮೆಟಮಾರ್ಫಿಕ್ ಟೆಸ್ಟಿಂಗ್. ಒಂದು ಕೋನದ ಸೈನ್ ಬೆಲೆ ಎಷ್ಟೆಂದು ನಮಗೆ ತಿಳಿಯದಿರಬಹುದು, ಆದರೆ 180 ಡಿಗ್ರಿಯಿಂದ ಆ ಕೋನವನ್ನು ಕಳೆದು ಉಳಿದದ್ದರ ಸೈನ್ ಬೆಲೆಯೂ ಅದೇ ಆಗಿರಬೇಕೆಂದು ತಿಳಿದಿದೆ. ಹುಡುಕಾಟಕ್ಕೆ ಇನ್ನೊಂದು ನಿಬಂಧನೆ ಸೇರಿಸಿದರೆ ಫಲಿತಾಂಶಗಳ ಸಂಖ್ಯೆ ಹೆಚ್ಚಬಾರದು. ಉತ್ತರ ಗೊತ್ತಿಲ್ಲದಿದ್ದರೂ ಉತ್ತರಗಳ ನಡುವಿನ ಸಂಬಂಧ ಗೊತ್ತಿರುತ್ತದೆ. ಆ ಸಂಬಂಧ ಮುರಿದಲ್ಲಿ ದೋಷವಿದೆ.

ನನ್ನ ಪ್ರಬಂಧದ ವಿಷಯ ದೋಷಗಳನ್ನು ಪ್ರೋಗ್ರಾಮೇ ಸರಿಪಡಿಸುವ ಸ್ವಯಂಚಾಲಿತ ದುರಸ್ತಿ. 2009ರ ಜೆನ್‌ಪ್ರಾಗ್‌ನಂತಹ ಸಾಧನಗಳು ಕೋಡನ್ನು ಬಗೆಬಗೆಯಾಗಿ ತಿದ್ದಿ, ಎಲ್ಲ ಟೆಸ್ಟ್‌ಗಳೂ ಪಾಸಾದರೆ ಆ ತಿದ್ದುಪಡಿಯನ್ನು ಸ್ವೀಕರಿಸುತ್ತವೆ. ಅಂತಹ ತಿದ್ದುಪಡಿಗಳಲ್ಲಿ ಬಹುಪಾಲು ತಪ್ಪೆಂದೂ, ಎಷ್ಟೋ ಕಡೆ ಅವು ಪ್ರೋಗ್ರಾಮಿನ ಒಂದು ಕೆಲಸವನ್ನೇ ಅಳಿಸಿಹಾಕುತ್ತವೆಂದೂ 2015ರ ಒಂದು ಅಧ್ಯಯನ ತೋರಿಸಿತು. ಇದನ್ನು ಓದಿದ್ದರೂ, ನನ್ನ ಸಾಧನದ ತಿದ್ದುಪಡಿಗಳನ್ನು ಒಂದೊಂದಾಗಿ ಕೈಯಾರೆ ಓದಿದಾಗಲೇ ನನಗದು ನಿಜವಾಗಿ ಅರ್ಥವಾದದ್ದು. ದೋಷವಿರುವ ಸಾಲಿನ ಮುಂದೆ ಎಂದಿಗೂ ನಿಜವಾಗದ ಷರತ್ತೊಂದನ್ನು ಇಟ್ಟು, ಆ ಸಾಲು ಓಡದಂತೆ ಮಾಡಿ, ಸಾಧನವು ಟೆಸ್ಟ್ ಪಾಸು ಮಾಡಿಸಿತ್ತು. ನಾಲ್ಕು ತಿಂಗಳ ಅಂಕಿಗಳನ್ನು ನಾನು ಬದಿಗಿಟ್ಟೆ; ಅದರ ಬಗ್ಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಈಗ ಈ ಕೆಲಸಕ್ಕೆ ಕೃತಕ ಬುದ್ಧಿಮತ್ತೆಯ ಭಾಷಾ ಮಾದರಿಗಳು ಬಂದಿವೆ. ಅವುಗಳನ್ನು ಅಳೆಯಲು 2023ರಲ್ಲಿ ಬಂದ ಎಸ್‌ಡಬ್ಲ್ಯುಇ-ಬೆಂಚ್, 12 ಪೈಥಾನ್ ಯೋಜನೆಗಳಿಂದ ಆಯ್ದ 2,294 ನೈಜ ಸಮಸ್ಯೆಗಳನ್ನು ಒಳಗೊಂಡಿದೆ. ಅಲ್ಲಿಯೂ ತೀರ್ಪು ಕೊಡುವುದು ಟೆಸ್ಟ್‌ಗಳೇ.

ಕೋಡ್ ಭಂಡಾರಗಳ ಗಣಿಗಾರಿಕೆ (ಸಂಗ್ರಹಿತ ಕೋಡ್ ಮತ್ತು ಅದರ ಇತಿಹಾಸದಿಂದ ಮಾಹಿತಿ ಹೆಕ್ಕುವುದು), ಒಬ್ಬರ ಕೋಡನ್ನು ಇನ್ನೊಬ್ಬರು ಪರಿಶೀಲಿಸುವ ಕೋಡ್ ರಿವ್ಯೂ, ತಂಡಗಳ ಅಧ್ಯಯನ ಇವೂ ದೊಡ್ಡ ಕ್ಷೇತ್ರಗಳೇ. ಅಂಕಿಅಂಶ ಮತ್ತು ಸಂದರ್ಶನ ವಿಧಾನಗಳಲ್ಲಿ ಒಲವಿರುವವರಿಗೆ ಅಲ್ಲಿ ಬೇಕಾದಷ್ಟು ಕೆಲಸವಿದೆ. ಆದರೆ ವಿದ್ಯಾರ್ಥಿಗಳು ಅನ್ಯಾಯವಾಗಿ ಕಡೆಗಣಿಸುವುದು ಅಗತ್ಯಗಳ ವಿಶ್ಲೇಷಣೆಯನ್ನು, ಅಂದರೆ ಸಾಫ್ಟ್‌ವೇರ್ ಏನು ಮಾಡಬೇಕೆಂದು ನಿರ್ಧರಿಸುವುದನ್ನು, ಎಂಬುದು ನನ್ನ ಅಭಿಪ್ರಾಯ. 1996ರ ಜೂನ್ 4ರಂದು ಏರಿಯನ್ 5 ರಾಕೆಟ್ ಉಡಾವಣೆಯಾಗಿ ಒಂದು ನಿಮಿಷವೂ ಆಗುವ ಮುನ್ನ ನಾಶವಾಯಿತು. 64 ಬಿಟ್‌ಗಳ ಸಂಖ್ಯೆಯೊಂದು 16 ಬಿಟ್‌ಗಳಲ್ಲಿ ಹಿಡಿಸದೆ ಹೋದದ್ದೇ ಆ ದೋಷ. ಆ ಕೋಡ್ ಬಂದದ್ದು ಏರಿಯನ್ 4ರಿಂದ, ಆ ಹಳೆಯ ರಾಕೆಟ್ಟಿನ ವೇಗಕ್ಕೆ ಅದು ಸರಿಯಾಗಿಯೇ ಇತ್ತು; ಹೊಸ ರಾಕೆಟ್ಟಿನ ಅಗತ್ಯವೇ ಬೇರೆಯಾಗಿತ್ತು. ನನ್ನ ಪ್ರಬಂಧದಲ್ಲಿ ಈಗ ಪ್ರತಿಯೊಂದು ತಿದ್ದುಪಡಿಯ ಎದುರು, ಅದು ಯಾವ ಅಗತ್ಯಕ್ಕೆ ಹೋಲಿಸಿದರೆ ಸರಿ ಎಂಬುದನ್ನು ಬರೆಯುವ ಒಂದು ಅಂಕಣವಿದೆ. ಅದನ್ನು ತುಂಬಲು ಆಗದ ತಿದ್ದುಪಡಿಗಳನ್ನು ನಾನು ಸರಿಯಾದವುಗಳ ಲೆಕ್ಕಕ್ಕೆ ಸೇರಿಸುತ್ತಿಲ್ಲ.