ಲೋಟದ ಕ್ಲಿಪ್ಪು ಹಿಡಿತ ಕಳೆದುಕೊಂಡ ಬಗೆ

ಹಾಸನದ ಕೈಗಾರಿಕಾ ಪ್ರದೇಶದ ಸಣ್ಣ ಪ್ಲಾಸ್ಟಿಕ್ ಮೋಲ್ಡಿಂಗ್ ಘಟಕವೊಂದರಲ್ಲಿ ನಾನು ವಿನ್ಯಾಸದ ಕೆಲಸ ಮಾಡುತ್ತೇನೆ. ಮೂಡಿಗೆರೆ ಕಡೆಯ ಹೋಂಸ್ಟೇ ಒಂದರವರು ನಮ್ಮಲ್ಲಿಗೆ ಬಂದು, ಡಿಶ್‌ವಾಷರಿನಲ್ಲಿ ಬೋರಲು ಹಾಕಿದ ಸ್ಟೀಲಿನ ಕಾಫಿ ಲೋಟಗಳು ಕೆಳಗಿನಿಂದ ಚಿಮ್ಮುವ ನೀರಿನ ರಭಸಕ್ಕೆ ಮಗುಚಿ, ಕೊನೆಗೆ ಕೊಳೆನೀರನ್ನೇ ತುಂಬಿಕೊಂಡು ನಿಂತಿರುತ್ತವೆ ಎಂದು ಹೇಳಿಕೊಂಡರು. ಅಮೆರಿಕದ ಜೋಸೆಫೀನ್ ಕಾಕ್ರನ್ 1886ರಲ್ಲಿ ಪೇಟೆಂಟ್ ಪಡೆದ ಪಾತ್ರೆ ತೊಳೆಯುವ ಯಂತ್ರಕ್ಕೆ ತಟ್ಟೆ, ಕಪ್ಪು, ಸಾಸರುಗಳನ್ನು ಅಳೆದು ತಂತಿಯ ಗೂಡುಗಳನ್ನು ಮಾಡಿದ್ದರು. ನಮ್ಮ ತೆಳು ಲೋಟಕ್ಕೂ ಅಂಥದೊಂದು ಗೂಡು ಬೇಕೆನಿಸಿ, ರ‍್ಯಾಕಿನ ತಂತಿಗೆ ಸಿಕ್ಕಿಸುವ ಕ್ಲಿಪ್ಪೊಂದನ್ನು ರೂಪಿಸಲು ಒಪ್ಪಿಕೊಂಡೆ.

ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಆರಿಸಿದ್ದಕ್ಕೆ ಕಾರಣಗಳಿದ್ದವು. ಅದು ನೈಲಾನಿನಂತೆ ನೀರು ಹೀರಿ ಉಬ್ಬುವುದಿಲ್ಲ, ತೊಳೆಯುವ ಪುಡಿಯ ಕ್ಷಾರವನ್ನು ತಾಳಿಕೊಳ್ಳುತ್ತದೆ, ಮೇಲಾಗಿ ಸುಮಾರು 160 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗುವುದಿಲ್ಲ. ಯಂತ್ರದ ನೀರು 70 ಡಿಗ್ರಿಯ ಆಸುಪಾಸಿಗೆ ನಿಲ್ಲುವುದರಿಂದ ಬಿಸಿಯ ಚಿಂತೆಯನ್ನೇ ನಾನು ಬಿಟ್ಟುಬಿಟ್ಟೆ. 4 ಮಿಲಿಮೀಟರ್ ದಪ್ಪದ ತಂತಿಗೆ 3.6 ಮಿಲಿಮೀಟರ್ ಅಗಲದ ಹಿಡಿ ಕೊಟ್ಟೆ. ಕ್ಲಿಪ್ಪು ಗಟ್ಟಿಯಾಗಿ ಕಚ್ಚಿಕೊಂಡಿತು.

ಕೆಲವೇ ವಾರಗಳಲ್ಲಿ ಕ್ಲಿಪ್ಪುಗಳು ಕಳಚತೊಡಗಿದವು. ಒಂದಂತೂ ಅರ್ಧ ಜಾರಿ ತಂತಿಗಳ ನಡುವೆ ಇಳಿಬಿದ್ದು, ತಿರುಗುತ್ತಾ ನೀರು ಚಿಮ್ಮುವ ತೋಳಿಗೆ ಅಡ್ಡವಾಗಿ, ಆ ದಿನದ ಪಾತ್ರೆಗಳೆಲ್ಲ ಜಿಡ್ಡಿನೊಡನೆಯೇ ಹೊರಬಂದವು. ಅತಿಥಿಗಳು ತುಂಬಿದ್ದ ಮನೆಯಲ್ಲಿ ಹಾಗಾದದ್ದು ನನಗೆ ನಿಜಕ್ಕೂ ನೋವು ತಂದಿತು.

ಕಾರಣ ತಿಳಿಯಲು ಕೆಲವು ಕ್ಲಿಪ್ಪುಗಳನ್ನು ಸರಳಿಗೆ ಸಿಕ್ಕಿಸಿ, ಇನ್ನು ಕೆಲವನ್ನು ಬಿಡಿಯಾಗಿಯೇ ಒಂದೇ ಬಿಸಿನೀರಿನಲ್ಲಿ ದಿನಗಟ್ಟಲೆ ಇಟ್ಟೆ. ಬಿಡಿಯಾಗಿದ್ದವು ಬದಲಾಗಲಿಲ್ಲ, ಸರಳನ್ನು ಹಿಡಿದಿದ್ದವು ಬಾಯಿ ಬಿಟ್ಟಿದ್ದವು. ಸದಾ ಹಿಗ್ಗಿಕೊಂಡೇ ಇರುವ ಪ್ಲಾಸ್ಟಿಕ್ಕಿನ ಒಳಬಿಗಿತ ಕಾಲಕ್ರಮದಲ್ಲಿ ಇಳಿಯುತ್ತದೆ, ಬಿಸಿಯಿದ್ದಲ್ಲಿ ಬೇಗನೆ ಇಳಿಯುತ್ತದೆ, ಅದಕ್ಕೆ ಕರಗುವ ಹಂತ ತಲುಪಬೇಕಾಗಿಯೇ ಇಲ್ಲ. ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಇದೇ ಆಗಿತ್ತು: ಕ್ಲಿಪ್ಪು ಸಿಕ್ಕಿಸಿದ ಮೇಲೆ, ಲೋಟವಿಲ್ಲದಾಗಲೂ, ಅದು ಏನನ್ನು ಹೊರುತ್ತಿರುತ್ತದೆ?

ಹೊಸ ಕ್ಲಿಪ್ಪಿಗೆ ಬಾಯಿ ಕಿರಿದು, ಹೊಟ್ಟೆ ಅಗಲ. 3.5 ಮಿಲಿಮೀಟರಿನ ಬಾಯಿ ತಂತಿಯನ್ನು ದಾಟುವ ಕ್ಷಣ ಮಾತ್ರ ಹಿಗ್ಗುತ್ತದೆ, ಒಳಗಿನ 4.2 ಮಿಲಿಮೀಟರಿನ ಹೊಟ್ಟೆಯಲ್ಲಿ ತಂತಿ ಸಡಿಲವಾಗಿ ಕೂರುವುದರಿಂದ ಆಮೇಲೆ ಬಿಗಿತವೇ ಇರುವುದಿಲ್ಲ. ಹೀಗೆ ಮಾಡಿದಾಗ ಅದು ತಂತಿಯ ಸುತ್ತ ತಿರುಗತೊಡಗಿದ್ದರಿಂದ, ಪಕ್ಕದ ತಂತಿಗೆ ಆನಿಕೊಳ್ಳುವ ಕಾಲೊಂದನ್ನು ಸೇರಿಸಿದೆ. ತಂತಿಯ ಲೇಪನ ಕೆರೆದರೆ ಅಲ್ಲಿಂದಲೇ ತುಕ್ಕು ಹಿಡಿಯುವುದರಿಂದ ಒಳ ಅಂಚುಗಳನ್ನೆಲ್ಲ ದುಂಡಗೆ ಮಾಡಿಸಿದೆ.

ಎರಡು ತಿಂಗಳು ಬಳಸಿದ ಕ್ಲಿಪ್ಪುಗಳನ್ನು ಬಿಚ್ಚಿ ತಂದು ಅಳೆದಾಗ ಬಾಯಿ 3.5ರಲ್ಲಿಯೇ ಇತ್ತು. ಅಗಲ ಬಾಯಿಯ ದವರಕ್ಕೆ (ಲೋಟದ ಜೊತೆಗಿನ ಕಾಫಿ ಬಟ್ಟಲಿಗೆ) ಮಾತ್ರ ಇದು ಇನ್ನೂ ಹೊಂದುತ್ತಿಲ್ಲ. ಸದ್ಯ ಅದರ ಚಿತ್ರ ನನ್ನ ಮೇಜಿನ ಮೇಲಿದೆ.